‘ನನಗೇನೂ ಆಗಿಲ್ಲ’ ಎನ್ನುವವರೊಡನೆ ಬಾಳುವ ಬಗೆ



ಕಳೆದ ವರ್ಷ ಒಂದು ಅಮಾವಾಸ್ಯೆಯ ದಿನ, ದಾಸೋಹದ ಕೊನೆಯ ಪಂಕ್ತಿ ಎದ್ದ ಮೇಲೆ, ಒಬ್ಬ ತಾಯಿ ಶ್ರೀಮಠದ ಕಾರ್ಯಾಲಯಕ್ಕೆ ಬಂದು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಹಿಡಿ ಮಾತ್ರೆಗಳನ್ನು ಸುರಿದರು. ಕೆಲವು ಬಿಳಿ, ಕೆಲವು ಹಳದಿ. ಹಲವು ನೀರು ತಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇಪ್ಪತ್ತಾರು ವರ್ಷದ ಮಗನ ಹಾಸಿಗೆಯ ಕೆಳಗೆ, ಕಿಟಕಿಯ ಸಂದಿಯಲ್ಲಿ, ದಾಸವಾಳದ ಕುಂಡದ ಮಣ್ಣಿನಲ್ಲಿ ಅವು ಸಿಕ್ಕಿದ್ದವು.

“ಸರ, ನುಂಗೇನಿ ನುಂಗೇನಿ ಅಂತ ಆರು ತಿಂಗಳು ಹೇಳ್ಯಾನ್ರೀ. ಒಂದೂ ನುಂಗಿಲ್ಲ. ಕೇಳಿದ್ರ, ನನಗೇನೂ ಆಗಿಲ್ಲವ್ವಾ, ಹುಚ್ಚು ಹಿಡದದ್ದು ನಿಮಗ ಅಂತಾನ್ರೀ. ನಾ ಏನ್ ಪಾಪ ಮಾಡೇನ್ರೀ?”

ಆ ತಾಯಿ ಕೇಳಿದ್ದು ಎರಡು. ಒಂದು, ಮಗನ ಹಣೆಗೆ ಹಚ್ಚಲು ವಿಭೂತಿ. ಇನ್ನೊಂದು, ಪೂಜ್ಯರು ಅವನನ್ನು ಕರೆದು ‘ಗುಳಿಗೆ ತಗೋ’ ಎಂದು ಒಂದು ಮಾತು ಹೇಳಬೇಕೆಂಬುದು. ವಿಭೂತಿಯನ್ನು ಕೊಟ್ಟೆವು. ಅವರ ಪ್ರಶ್ನೆಗೆ ಮಾತ್ರ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಇಂಥ ಪ್ರಶ್ನೆಯನ್ನು ಹೊತ್ತು ಶ್ರೀಮಠದ ಮೆಟ್ಟಿಲು ಹತ್ತಿದವರು ಆ ತಾಯಿಯೊಬ್ಬರೇ ಅಲ್ಲ. ತಂದೆ, ಅಣ್ಣ, ಹೆಂಡತಿ, ಗಂಡ, ಹೀಗೆ ಅನೇಕರು ಬರುತ್ತಾರೆ. ಬಹುಪಾಲು ಜನ ಬಾಗಿಲು ಮುಚ್ಚಿದ ಮೇಲೆಯೇ ಬಾಯಿ ತೆರೆಯುತ್ತಾರೆ. ಆದ್ದರಿಂದ ಪೂಜ್ಯರ ಅಪ್ಪಣೆ ಪಡೆದು, ಬಲ್ಲ ವೈದ್ಯರನ್ನು ಕೇಳಿ, ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ನಾವು ವೈದ್ಯರಲ್ಲ. ಈ ಬರಹ ಚಿಕಿತ್ಸೆಗೆ ಬದಲಿಯಲ್ಲ. ಚಿಕಿತ್ಸೆಯ ಬಾಗಿಲವರೆಗಿನ ದಾರಿಯನ್ನು ತೋರುವ ಪ್ರಯತ್ನ ಮಾತ್ರ.

ಇದು ಎಂಥ ಕಾಯಿಲೆ?

ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಬಳಕೆಗೆ ತಂದರು. ಗ್ರೀಕ್ ಮೂಲದ ಈ ಪದಕ್ಕೆ ಸೀಳಿದ ಮನಸ್ಸು ಎಂಬ ಅರ್ಥವಿದೆ. ಇದರಿಂದಾಗಿ, ಒಬ್ಬರೊಳಗೆ ಇಬ್ಬರು ವ್ಯಕ್ತಿಗಳು ಇರುವ ಕಾಯಿಲೆ ಇದೆಂಬ ತಪ್ಪು ತಿಳಿವಳಿಕೆ ಹರಡಿದೆ. ಚಲನಚಿತ್ರಗಳು ಅದನ್ನು ಇನ್ನಷ್ಟು ಬೆಳೆಸಿವೆ. ಅದು ನಿಜವಲ್ಲ. ಇಲ್ಲಿ ಸೀಳುವುದು ಆಲೋಚನೆ, ಭಾವನೆ ಮತ್ತು ವಾಸ್ತವಗಳ ನಡುವಿನ ಹೊಂದಾಣಿಕೆ. ಕನ್ನಡದಲ್ಲಿ ಇದನ್ನು ಚಿತ್ತವಿಕಲತೆ ಎಂದೂ ಕರೆಯುತ್ತಾರೆ.

ಯಾರೂ ಮಾತನಾಡದಿದ್ದರೂ ದನಿಗಳು ಕೇಳಿಸುವುದು. ಯಾರೋ ಹಿಂಬಾಲಿಸುತ್ತಿದ್ದಾರೆ, ಅನ್ನದಲ್ಲಿ ವಿಷ ಬೆರೆಸಿದ್ದಾರೆ, ತನ್ನ ಮನಸ್ಸಿನ ಮಾತು ಊರಿಗೆಲ್ಲ ತಿಳಿಯುತ್ತಿದೆ ಎಂಬ ಅಚಲ ನಂಬಿಕೆ. ಮಾತು ಒಂದಕ್ಕೊಂದು ಹೊಂದದಿರುವುದು, ಇವು ಇದರ ಎದ್ದುಕಾಣುವ ಲಕ್ಷಣಗಳು. ಅಷ್ಟಾಗಿ ಕಣ್ಣಿಗೆ ಬೀಳದ ಲಕ್ಷಣಗಳೂ ಇವೆ. ಸ್ನಾನ ಬಿಡುವುದು, ಕೋಣೆ ಸೇರುವುದು, ಮುಖದಲ್ಲಿ ಭಾವವೇ ಇಲ್ಲದಿರುವುದು, ಯಾವುದರಲ್ಲಿಯೂ ಹುರುಪಿಲ್ಲದಿರುವುದು. ಇವನ್ನು ಮನೆಯವರು ಸೋಮಾರಿತನವೆಂದು ತಿಳಿದು ಬಯ್ಯುತ್ತಾರೆ. ಆದರೆ ಇವೂ ಕಾಯಿಲೆಯ ಭಾಗವೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸರಿಸುಮಾರು 300 ಜನರಲ್ಲಿ ಒಬ್ಬರು ಈ ಕಾಯಿಲೆಯೊಡನೆ ಬಾಳುತ್ತಿದ್ದಾರೆ. ಹಾಗೆ ಎಣಿಸಿದರೆ ಮೂರು ಸಾವಿರ ಜನರ ಊರಿನಲ್ಲಿ ಹತ್ತು ಮನೆಗಳ ಮಾತಿದು. ಗಂಡಸರಲ್ಲಿ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ಹರೆಯದಲ್ಲಿ, ಹೆಂಗಸರಲ್ಲಿ ತುಸು ತಡವಾಗಿ ಇದು ತಲೆದೋರುತ್ತದೆ. ಮಕ್ಕಳ ಓದು ಮುಗಿದು ಬದುಕು ನೆಲೆಗೊಳ್ಳಬೇಕಾದ ಕಾಲವೇ ಇದಾಗಿರುವುದರಿಂದ ಮನೆಯವರಿಗೆ ಆಘಾತ ಇಮ್ಮಡಿಯಾಗುತ್ತದೆ.

ಕಾರಣ ಒಂದಲ್ಲ. ಮಿದುಳಿನ ರಾಸಾಯನಿಕಗಳ, ಮುಖ್ಯವಾಗಿ ಡೋಪಮೈನಿನ, ಏರುಪೇರು, ಅನುವಂಶೀಯತೆ, ಹುಟ್ಟುವ ಮುನ್ನ ಮತ್ತು ಹುಟ್ಟುವಾಗ ಆದ ತೊಂದರೆಗಳು, ಎಳೆಯ ವಯಸ್ಸಿನಲ್ಲಿ ಗಾಂಜಾ ಸೇವನೆ, ತೀವ್ರ ಮಾನಸಿಕ ಒತ್ತಡ, ಇವೆಲ್ಲ ಸೇರಿ ಕೆಲಸ ಮಾಡುತ್ತವೆ. ತಂದೆತಾಯಿ ಬೆಳೆಸಿದ ರೀತಿಯಿಂದ ಇದು ಬರುವುದಿಲ್ಲ. ಮಾಟ, ಗಾಳಿ, ಪೂರ್ವಜನ್ಮದ ಪಾಪ ಯಾವುದೂ ಇದಕ್ಕೆ ಕಾರಣವಲ್ಲ. ಆ ತಾಯಿಯ ಪ್ರಶ್ನೆಗೆ ಮೊದಲ ಉತ್ತರ ಇದೇ: ನೀವು ಯಾವ ಪಾಪವನ್ನೂ ಮಾಡಿಲ್ಲ.

ಮಾತ್ರೆಯನ್ನು ಏಕೆ ಒಲ್ಲೆನೆನ್ನುತ್ತಾರೆ?

ಸಕ್ಕರೆ ಕಾಯಿಲೆಯವರಿಗೆ ತಮಗೆ ಸಕ್ಕರೆ ಕಾಯಿಲೆ ಇದೆಯೆಂಬ ಅರಿವಿರುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಕಾಯಿಲೆಯನ್ನು ಅರಿಯಬೇಕಾದ ಮಿದುಳಿಗೇ ಕಾಯಿಲೆಯಾಗಿರುತ್ತದೆ. ಪಾರ್ಶ್ವವಾಯುವಿನಿಂದ ಎಡಗೈ ಸತ್ತವರಲ್ಲಿ ಕೆಲವರು ‘ನನ್ನ ಕೈ ಸರಿಯಾಗಿಯೇ ಇದೆ’ ಎಂದು ಸಾಧಿಸುತ್ತಾರೆ. 1914ರಲ್ಲಿ ಫ್ರಾನ್ಸಿನ ನರವೈದ್ಯ ಜೋಸೆಫ್ ಬಾಬಿನ್‌ಸ್ಕಿ ಈ ಸ್ಥಿತಿಗೆ ‘ಅನೊಸೊಗ್ನೋಸಿಯಾ’ ಎಂದು ಹೆಸರಿಟ್ಟರು. ಸರಳವಾಗಿ ಹೇಳುವುದಾದರೆ, ಕಾಯಿಲೆಯ ಅರಿವೇ ಇಲ್ಲದಿರುವ ಸ್ಥಿತಿ. ಸ್ಕಿಜೋಫ್ರೇನಿಯಾ ಇರುವ ಬಹಳಷ್ಟು ಜನರಲ್ಲಿಯೂ ಇಂಥದೇ ಅರಿವಿನ ಕೊರತೆ ಇರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಹಟ ಮಾಡುತ್ತಿಲ್ಲ. ಅವರ ಪಾಲಿಗೆ ಆ ದನಿ ನಿಜ, ಆ ಭಯ ನಿಜ. ಇಲ್ಲದ ಕಾಯಿಲೆಗೆ ಔಷಧ ನುಂಗೆಂದರೆ ನಾವಾದರೂ ನುಂಗುತ್ತೇವೆಯೇ? ಅನ್ನದಲ್ಲಿ ವಿಷವಿದೆಯೆಂದು ಅಂಜುವವನಿಗೆ ಮಾತ್ರೆಯೂ ವಿಷವಾಗಿಯೇ ಕಾಣುತ್ತದೆ.

ನಿರಾಕರಣೆಗೆ ಅರಿವಿನ ಕೊರತೆಯೊಂದೇ ಕಾರಣವಲ್ಲ. ಈ ಮಾತ್ರೆಗಳಿಗೆ ಅಡ್ಡಪರಿಣಾಮಗಳಿವೆ. ಕೆಲವುಗಳಿಂದ ಕೈಕಾಲು ಬಿಗಿಯುತ್ತವೆ, ನಡುಗುತ್ತವೆ. ಒಂದೆಡೆ ಕುಳಿತಿರಲಾಗದ ಚಡಪಡಿಕೆ ಹುಟ್ಟುತ್ತದೆ. ಕೆಲವುಗಳಿಂದ ಮೈ ತೂಕ ಮತ್ತು ರಕ್ತದ ಸಕ್ಕರೆ ಏರುತ್ತವೆ, ಹಗಲೆಲ್ಲ ಮಂಪರು ಕವಿಯುತ್ತದೆ. ಹೆಂಗಸರಲ್ಲಿ ಮುಟ್ಟು ತಪ್ಪಬಹುದು. ದಾಂಪತ್ಯದಲ್ಲಿ ನಿರಾಸಕ್ತಿ ಉಂಟಾಗಬಹುದು. ಇದನ್ನು ನಾಚಿಕೆಯಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇನ್ನು ಕೆಲವರು ಗುಣ ಕಂಡಕೂಡಲೇ ‘ಇನ್ನೇಕೆ’ ಎಂದು ಬಿಡುತ್ತಾರೆ. ‘ಹುಚ್ಚರ ಗುಳಿಗೆ’ ಎಂಬ ಊರವರ ಮಾತಿಗೆ ಅಂಜಿ ಬಿಡುವವರೂ ಉಂಟು.

ಅಮೆರಿಕದಲ್ಲಿ ಸುಮಾರು 1,500 ರೋಗಿಗಳೊಡನೆ ನಡೆದು 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ತಮಗೆ ಕೊಟ್ಟ ಔಷಧವನ್ನು 18 ತಿಂಗಳೊಳಗೆ ಶೇ 74ರಷ್ಟು ಜನ ನಿಲ್ಲಿಸಿದ್ದರು. ಕೆಲವರಿಗೆ ಗುಣ ಕಾಣಲಿಲ್ಲ, ಕೆಲವರಿಗೆ ಅಡ್ಡಪರಿಣಾಮ ತಾಳಲಾಗಲಿಲ್ಲ, ಹಲವರಿಗೆ ಬೇಡವೆನ್ನಿಸಿತು. ಆದುದರಿಂದ ‘ನಮ್ಮ ಮನೆಯಲ್ಲಿ ಮಾತ್ರ ಹೀಗೆ’ ಎಂದು ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಹಾಗೆಂದು ಔಷಧ ಬಿಟ್ಟರೂ ನಡೆದೀತೆಂದು ತಿಳಿಯಬಾರದು. 2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ, ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧ ಮುಂದುವರಿಸಿದವರಲ್ಲಿ ಶೇ 27ರಷ್ಟು ಜನರಿಗೆ, ಔಷಧವಿಲ್ಲದವರಲ್ಲಿ ಶೇ 64ರಷ್ಟು ಜನರಿಗೆ. ಔಷಧ ಬೇಕು, ಬೇಕಾದವರಿಗೆ ಅದು ಬೇಡವಾಗಿದೆ. ಕುಟುಂಬ ಸಿಲುಕಿರುವುದು ಈ ಇಕ್ಕಟ್ಟಿನಲ್ಲಿ.

ನಾವು ಸಾಮಾನ್ಯವಾಗಿ ಎಡವುವ ಕಡೆ

ಮೊದಲನೆಯದು ವಾದ. ‘ಯಾರ ದನಿಯೂ ಇಲ್ಲ, ಎಲ್ಲ ನಿನ್ನ ಭ್ರಮೆ’ ಎಂದು ನೂರು ಸಲ ಹೇಳಿದರೂ ಆ ನಂಬಿಕೆ ಕದಲುವುದಿಲ್ಲ. ಹೇಳಿದವರ ಮೇಲಿನ ನಂಬಿಕೆ ಮಾತ್ರ ಕದಲುತ್ತದೆ. ಕೊನೆಗೆ ವೈರಿಗಳ ಪಟ್ಟಿಯಲ್ಲಿ ತಾಯಿಯೂ ಸೇರುತ್ತಾಳೆ.

ಎರಡನೆಯದು, ಊಟದಲ್ಲಿ ಮಾತ್ರೆಯನ್ನು ಪುಡಿಮಾಡಿ ಬೆರೆಸುವುದು. ನಮ್ಮ ನಾಡಿನಲ್ಲಿ ಇದು ಅಪರೂಪವಲ್ಲ. ಬೇರೆ ದಾರಿ ಕಾಣದೆ ಹಾಗೆ ಮಾಡಿದ ತಾಯಂದಿರನ್ನು ನಿಂದಿಸಲು ನಮಗೆ ಮನಸ್ಸಿಲ್ಲ. ಆದರೆ ಇದರ ಅಪಾಯವನ್ನು ಅರಿಯಬೇಕು. ಅನ್ನದಲ್ಲಿ ಏನೋ ಬೆರೆಸುತ್ತಾರೆಂದು ಶಂಕಿಸುವವನಿಗೆ ಒಂದು ದಿನ ಅದು ಗೊತ್ತಾದರೆ, ಅವನ ಶಂಕೆಯನ್ನು ನಾವೇ ನಿಜ ಮಾಡಿದಂತಾಗುತ್ತದೆ. ಅವನು ಊಟವನ್ನೇ ಬಿಡಬಹುದು, ಮನೆಯನ್ನೇ ಬಿಡಬಹುದು. ಅಡ್ಡಪರಿಣಾಮ ಉಂಟಾದಾಗ ಏಕೆ ಹೀಗಾಯಿತೆಂದು ತಿಳಿಯದೆ ಅವನು ಇನ್ನಷ್ಟು ಹೆದರುತ್ತಾನೆ. ಈಗಾಗಲೇ ಹಾಗೆ ಕೊಡುತ್ತಿರುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು, ಥಟ್ಟನೆ ನಿಲ್ಲಿಸಲೂಬಾರದು. ವೈದ್ಯರಿಗೆ ತಿಳಿಸಿ, ಅವರ ಸಲಹೆಯಂತೆ ಬಹಿರಂಗ ಚಿಕಿತ್ಸೆಯ ಕಡೆಗೆ ಹೊರಳಬೇಕು.

ಮೂರನೆಯದು, ಕಟ್ಟಿಹಾಕುವುದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದೈವಬಲದಿಂದ ಗುಣವಾದೀತೆಂದು ಮನೆಯವರು ತಂದು ಬಿಟ್ಟಿದ್ದ ರೋಗಿಗಳ ಆಶ್ರಯಗೃಹವೊಂದಕ್ಕೆ ಬೆಂಕಿ ಬಿದ್ದಿತು. ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಜೀವಗಳು ಸುಟ್ಟುಹೋದವು. ಇಂದು ಸರಪಳಿ ಹಾಕುವುದನ್ನು ಕಾನೂನು ಸಂಪೂರ್ಣವಾಗಿ ನಿಷೇಧಿಸಿದೆ. ಯಾವ ಧರ್ಮದ, ಯಾವ ಪಂಥದ ಕ್ಷೇತ್ರವಾದರೂ ಈ ಘಟನೆಯನ್ನು ಮರೆಯಬಾರದು.

ನಾಲ್ಕನೆಯದು ಮದುವೆ. ಇದರಲ್ಲಿ ನಮ್ಮ ತಪ್ಪೂ ಇದೆ, ಹೇಳಿಕೊಳ್ಳುತ್ತೇವೆ. ಹದಿನೈದು ವರ್ಷಗಳ ಹಿಂದೆ, ಮಗ ಒಬ್ಬನೇ ಮಾತಾಡಿಕೊಳ್ಳುತ್ತಾನೆಂದು ಅತ್ತುಕೊಂಡು ಬಂದ ಒಂದು ಮನೆಯವರಿಗೆ, ‘ಮದುವೆ ಮಾಡಿರಿ, ಹೆಗಲಿಗೆ ಜವಾಬ್ದಾರಿ ಬಿದ್ದರೆ ಸರಿಹೋಗುತ್ತಾನೆ’ ಎಂದು ನಾವೇ ಹೇಳಿದ್ದೆವು. ಹೆಣ್ಣಿನ ಮನೆಯವರಿಗೆ ಯಾರೂ ಏನನ್ನೂ ತಿಳಿಸಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಆ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಮರಳಿದಳು. ಆತನ ಕಾಯಿಲೆಯೂ ಉಲ್ಬಣಿಸಿತು. ಮದುವೆ ಔಷಧವಲ್ಲ. ಚಿಕಿತ್ಸೆ ಪಡೆದು ಸ್ಥಿರವಾಗಿರುವವರು, ವಿಷಯವನ್ನು ಮುಚ್ಚಿಡದೆ, ಎರಡೂ ಕಡೆಯವರು ತಿಳಿದು ಒಪ್ಪಿ ಮದುವೆಯಾಗುವುದು ಬೇರೆ. ಕಾಯಿಲೆಯನ್ನು ಮರೆಮಾಚಿ ಇನ್ನೊಬ್ಬರ ಮಗಳ ಬಾಳನ್ನು ಪಣಕ್ಕಿಡುವುದು ಬೇರೆ.

ಗೆಲ್ಲಬೇಕಾದದ್ದು ವಾದವನ್ನಲ್ಲ, ವಿಶ್ವಾಸವನ್ನು

ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಸೇವಿಯರ್ ಅಮಡೋರ್ ಅವರ ಅಣ್ಣನಿಗೆ ಈ ಕಾಯಿಲೆಯಿತ್ತು. ಕಲಿತ ಮನಶ್ಶಾಸ್ತ್ರಜ್ಞನಾದ ತಮ್ಮನೇ ಅಣ್ಣನೊಡನೆ ‘ನಿನಗೆ ಕಾಯಿಲೆಯಿದೆ’ ಎಂದು ವರ್ಷಗಟ್ಟಲೆ ವಾದಿಸಿ ಸೋತರು. ಆ ಸೋಲಿನಿಂದ ಕಲಿತದ್ದನ್ನು 2000ದಲ್ಲಿ ಪುಸ್ತಕವಾಗಿ ಬರೆದರು. ಅವರು ಹೇಳುವ ಮಾರ್ಗದಲ್ಲಿ ನಾಲ್ಕು ಹೆಜ್ಜೆಗಳು: ಆಲಿಸುವುದು, ಅವರ ಸಂಕಟಕ್ಕೆ ಮಿಡಿಯುವುದು, ಒಪ್ಪಬಹುದಾದಷ್ಟನ್ನು ಒಪ್ಪುವುದು, ಒಪ್ಪಿದ ಗುರಿಗಾಗಿ ಜೊತೆಗೂಡುವುದು. ಕಾಯಿಲೆಯಿದೆಯೆಂದು ಒಪ್ಪಿಸುವ ಹೆಜ್ಜೆ ಈ ನಾಲ್ಕರಲ್ಲಿ ಇಲ್ಲ. ಅದಿಲ್ಲದೆಯೂ ಚಿಕಿತ್ಸೆ ಆರಂಭವಾಗಬಲ್ಲದು.

ಇದನ್ನು ನಮ್ಮ ಮನೆಯ ಮಾತಿನಲ್ಲಿ ನೋಡೋಣ. ಮಗ, “ರಾತ್ರಿಯೆಲ್ಲ ಬಯ್ತಾರವ್ವಾ, ಮಲಗಾಕ ಬಿಡೂದಿಲ್ಲ” ಎಂದಾಗ, “ಯಾರೂ ಬಯ್ಯಂಗಿಲ್ಲ, ಸುಮ್ನ ಮಲಕ್ಕೋ” ಎನ್ನುವುದು ಒಂದು ಬಗೆ. “ನನಗ ಆ ದನಿ ಕೇಳಸೂದಿಲ್ಲಪ್ಪಾ. ಆದ್ರ ನಿನಗ ಕೇಳಸ್ತದಂದ್ರ ಎಷ್ಟು ಅಂಜಿಕಿ ಆಗ್ತಿರಬೇಕು. ನಿದ್ದಿ ಬಂದ್ರ ಚಲೋ ಅಲ್ಲೇನು? ನಿದ್ದಿಗೆ ಏನರ ಕೇಳೂಣು, ನಾನೂ ಬರ್ತೀನಿ ನಡಿ” ಎನ್ನುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಸುಳ್ಳಿಲ್ಲ. ದನಿ ಇದೆಯೆಂದು ತಾಯಿ ಒಪ್ಪಿಲ್ಲ; ಸಂಕಟವಿದೆಯೆಂದು ಒಪ್ಪಿದ್ದಾಳೆ. ನಿದ್ರೆ, ಹಸಿವು, ಕೆಲಸ, ಭಯ, ಇವುಗಳ ಬಾಗಿಲಿನಿಂದ ವೈದ್ಯರ ಬಳಿಗೆ ಹೋಗಬಹುದು.

ಮನೆಯ ವಾತಾವರಣವೂ ಔಷಧದಷ್ಟೇ ಗಣನೀಯ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದಿಂದ ನಡೆಸಿದ ಅಧ್ಯಯನಗಳು ಒಂದು ಸಂಗತಿಯನ್ನು ತೋರಿಸಿಕೊಟ್ಟವು. ಸದಾ ಟೀಕೆ, ಹಗೆತನ, ಇಲ್ಲವೆ ಉಸಿರುಗಟ್ಟಿಸುವಷ್ಟು ಅತಿಕಾಳಜಿ ಇರುವ ಮನೆಗೆ ಮರಳಿದ ರೋಗಿಗಳಿಗೆ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತಿತ್ತು. ಮುಂದೆ ಚಂಡೀಗಢದಲ್ಲಿ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಂಡನ್ನಿನ ಕುಟುಂಬಗಳಿಗಿಂತ ಅಲ್ಲಿಯ ಕುಟುಂಬಗಳಲ್ಲಿ ಇಂಥ ಕಟು ಟೀಕೆ ಕಡಿಮೆಯೆಂದು ಕಂಡುಬಂದಿತು. ತಾಳಿಕೊಳ್ಳುವ ಗುಣ ನಮ್ಮ ಮನೆಗಳಲ್ಲಿ ಇದೆ, ಅದನ್ನು ಉಳಿಸಿಕೊಳ್ಳಬೇಕು. ಎತ್ತರದ ದನಿ ಬೇಡ. ಒಂದು ಸಲಕ್ಕೆ ಒಂದೇ ಮಾತು ಸಾಕು. ಹತ್ತು ಜನ ಸುತ್ತುವರಿದು ಉಪದೇಶಿಸುವುದು ಬೇಡ. ಅವರಿಗೆ ಯಾರಲ್ಲಿ ಸಲುಗೆಯೋ ಅವರೊಬ್ಬರೇ ಮಾತನಾಡಲಿ.

ವೈದ್ಯರ ವಿಷಯದಲ್ಲಿ ನೆನಪಿಡಬೇಕಾದ ಕೆಲವು ಸಂಗತಿಗಳು:

• ರೋಗಿ ಬರಲೊಪ್ಪದಿದ್ದರೆ ಮೊದಲು ಮನೆಯವರಾದರೂ ಮನೋವೈದ್ಯರನ್ನು ಕಂಡು ಸಲಹೆ ಪಡೆಯಬಹುದು. ಕಂಡ ಲಕ್ಷಣಗಳನ್ನು ದಿನಾಂಕಸಹಿತ ಬರೆದುಕೊಂಡು ಹೋಗಬೇಕು.

• ಅಡ್ಡಪರಿಣಾಮವನ್ನು ‘ಸಹಿಸಿಕೋ’ ಎನ್ನಬಾರದು. ಔಷಧವನ್ನು ಬದಲಿಸಲು, ಪ್ರಮಾಣವನ್ನು ತಗ್ಗಿಸಲು, ಬಿಗಿತ ನಡುಕಗಳಿಗೆ ಬೇರೆ ಮಾತ್ರೆ ಕೊಡಲು ಸಾಧ್ಯವಿದೆ. ತೂಕ ಮತ್ತು ಸಕ್ಕರೆಯನ್ನು ಆಗಾಗ ಪರೀಕ್ಷಿಸಬೇಕು.

• ದಿನವೂ ಮಾತ್ರೆ ನುಂಗಲೊಲ್ಲದವರಿಗೆ ಎರಡು ವಾರಕ್ಕೆ, ತಿಂಗಳಿಗೆ, ಕೆಲವು ಬಗೆಯಲ್ಲಿ ಮೂರು ತಿಂಗಳಿಗೆ ಒಮ್ಮೆ ಹಾಕುವ ಚುಚ್ಚುಮದ್ದುಗಳಿವೆ. ದಿನನಿತ್ಯದ ಜಗಳ ಇದರಿಂದ ನಿಂತ ಮನೆಗಳಿವೆ.

• ಎರಡು ಮೂರು ಔಷಧಗಳಿಂದಲೂ ಗುಣ ಕಾಣದವರಿಗೆ ಕ್ಲೋಜಪಿನ್ ಎಂಬ ಔಷಧವಿದೆ. ಇದಕ್ಕೆ ನಿಯಮಿತ ರಕ್ತಪರೀಕ್ಷೆ ಅಗತ್ಯ.

• ಮರುಕಳಿಸುವ ಮುನ್ನ ಪ್ರತಿಯೊಬ್ಬರಲ್ಲಿಯೂ ಕೆಲವು ಮುನ್ಸೂಚನೆಗಳು ಕಾಣುತ್ತವೆ. ಒಬ್ಬರಿಗೆ ನಿದ್ದೆ ಕೆಡುತ್ತದೆ, ಇನ್ನೊಬ್ಬರು ಬಾಗಿಲು ಹಾಕಿಕೊಳ್ಳುತ್ತಾರೆ. ಅವನ್ನು ಗುರುತಿಟ್ಟುಕೊಂಡು, ಕಂಡ ವಾರವೇ ವೈದ್ಯರಿಗೆ ತಿಳಿಸಬೇಕು.

ಅಪಾಯ ಎದುರಾದಾಗ

ಎಲ್ಲ ತಾಳ್ಮೆಯೂ ಸೋಲುವ ಗಳಿಗೆಗಳಿವೆ. ಈ ಕಾಯಿಲೆ ಇರುವವರೆಲ್ಲ ಹಿಂಸೆ ಮಾಡುತ್ತಾರೆಂಬುದು ತಪ್ಪು. ಬಹುಪಾಲು ಜನ ಯಾರಿಗೂ ಕೇಡು ಮಾಡುವುದಿಲ್ಲ; ಅವರಿಂದ ಹೆಚ್ಚು ಅಪಾಯವಿರುವುದು ಅವರಿಗೇ. ಸುಮಾರು ನೂರಕ್ಕೆ ಐವರು ಆತ್ಮಹತ್ಯೆಯಿಂದ ತೀರಿಕೊಳ್ಳುತ್ತಾರೆಂದು ತಜ್ಞರು ಅಂದಾಜಿಸಿದ್ದಾರೆ. ಸಾಯುವ ಮಾತನ್ನಾಡಿದರೆ, ಸಾಯೆಂದು ದನಿಗಳು ಹೇಳುತ್ತಿವೆ ಎಂದರೆ, ಅನ್ನ ನೀರು ಬಿಟ್ಟರೆ, ಕೈಗೆ ಕುಡುಗೋಲು ಸಿಕ್ಕ ಗಳಿಗೆ ಎದುರಾದರೆ, ಆಗ ಮನವೊಲಿಕೆಗೆ ಸಮಯವಿರುವುದಿಲ್ಲ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಇಂಥ ಮನೆಯಲ್ಲಿ ಎಂದೂ ಕೈಗೆಟಕುವಂತೆ ಇಡಬಾರದು.

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಇಂಥ ಸಂದರ್ಭಕ್ಕೆ ದಾರಿ ಮಾಡಿದೆ. ಅದರ 89ನೆಯ ಕಲಮಿನಂತೆ, ತನಗೆ ತಾನೇ ಹಾನಿ ಮಾಡಿಕೊಳ್ಳಲು ಯತ್ನಿಸಿದ, ಇತರರ ಮೇಲೆ ಹಿಂಸೆಗಿಳಿದ, ಇಲ್ಲವೆ ಅಪಾಯವಾಗುವ ಮಟ್ಟಿಗೆ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿರುವ ವ್ಯಕ್ತಿಯನ್ನು, ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಂಡು ಚಿಕಿತ್ಸೆ ನೀಡಬಹುದು. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ರೋಗಿ ಯಾರನ್ನೂ ಪ್ರತಿನಿಧಿಯೆಂದು ಹೆಸರಿಸಿರದಿದ್ದರೆ ಸಂಬಂಧಿಕರು ಪ್ರತಿನಿಧಿಯಾಗಬಹುದು. ಅತಿ ತುರ್ತಿನಲ್ಲಿ, 94ನೆಯ ಕಲಮಿನಂತೆ, ನೋಂದಾಯಿತ ವೈದ್ಯರು ಯಾರೇ ಆಗಲಿ 72 ಗಂಟೆಗಳವರೆಗಿನ ತುರ್ತು ಚಿಕಿತ್ಸೆ ನೀಡಬಹುದು. ಬೀದಿಯಲ್ಲಿ ಅಲೆಯುತ್ತಿರುವವರನ್ನು ರಕ್ಷಿಸಿ ಆಸ್ಪತ್ರೆಗೆ ತಲುಪಿಸುವುದು ಪೊಲೀಸರ ಕರ್ತವ್ಯವೆಂದು 100ನೆಯ ಕಲಮು ಹೇಳುತ್ತದೆ. ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108.

ಇದೇ ಕಾಯಿದೆ ರೋಗಿಗೂ ಒಂದು ಹಕ್ಕು ಕೊಟ್ಟಿದೆ. ಮನಸ್ಸು ತಿಳಿಯಾಗಿರುವ ದಿನಗಳಲ್ಲಿ, ಮುಂದೆ ಕಾಯಿಲೆ ಹೆಚ್ಚಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂಬುದನ್ನು ಅವರು ಮೊದಲೇ ಬರೆದಿಡಬಹುದು. ಸುಖದ ದಿನಗಳಲ್ಲಿ ಮನೆಯವರು ಜೊತೆಗೆ ಕುಳಿತು ಈ ಮಾತನ್ನಾಡುವುದು ಒಳ್ಳೆಯದು. ಬಲವಂತದ ದಾಖಲಾತಿ ಕೊನೆಯ ದಾರಿ. ಅದನ್ನು ಹಿಡಿಯಬೇಕಾಗಿ ಬಂದರೆ, ಗುಣವಾದ ಮೇಲೆ ‘ನಿನ್ನನ್ನು ಕಳೆದುಕೊಳ್ಳುವ ಭಯದಿಂದ ಹಾಗೆ ಮಾಡಿದೆವು’ ಎಂದು ಕುಳಿತು ಹೇಳಬೇಕು.

ಎಲ್ಲಿಗೆ ಹೋಗಬೇಕು?

ಮೊದಲ ಸಲಹೆಗೆ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ. ಹಗಲಿರುಳು ಉಚಿತ, ಕನ್ನಡದಲ್ಲಿ ಮಾತನಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ನಮ್ಮ ನಾಡಿನ ದೊಡ್ಡ ಆಸರೆಗಳು. ಆದರೆ ಪ್ರತಿಯೊಬ್ಬರೂ ಅಷ್ಟು ದೂರ ಹೋಗಬೇಕಾಗಿಲ್ಲ. ಮನೋವೈದ್ಯಕೀಯವನ್ನು ಹಳ್ಳಿಯ ಸಮೀಪಕ್ಕೆ ತರಬಹುದೆಂಬುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಮಾಡಿ ತೋರಿಸಿತು. ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಇಂದು ಜಿಲ್ಲಾಸ್ಪತ್ರೆಗಳಲ್ಲಿ ಈ ವಿಭಾಗವಿದೆ. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಂತೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಏರ್ಪಟ್ಟಿದೆ. ತಮ್ಮ ತಾಲ್ಲೂಕಿನ ಸರದಿಯನ್ನು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು.

ದೀರ್ಘಕಾಲದ ಮಾನಸಿಕ ಕಾಯಿಲೆಯನ್ನು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳಲ್ಲಿ ಒಂದೆಂದು ಮಾನ್ಯ ಮಾಡಿದೆ. ಶೇ 40 ಮತ್ತು ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ದೊರೆತವರು ಸರ್ಕಾರದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು. ಬಡ ಕುಟುಂಬಗಳು ನಾಚಿಕೆಯಿಂದ ಇದನ್ನು ಬಿಟ್ಟುಕೊಡಬಾರದು.

ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು?

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ರೋಗಿಗಳೊಡನೆ ಮನೆಯವರನ್ನೂ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು, ಕಾಯಿಲೆ ಎಂದರೇನೆಂದು ಅವರಿಗೂ ಕಲಿಸಿದರು. ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಯವರ ಭಯವೂ ಕಳೆಯಿತು. ಕುಟುಂಬವೇ ಚಿಕಿತ್ಸೆಯ ಅರ್ಧ ಭಾಗವೆಂಬ ತಿಳಿವು ನಮ್ಮ ದೇಶದಲ್ಲಿ ಹೀಗೆ ಬೇರುಬಿಟ್ಟಿತು. ಆದರೆ ಆ ಅರ್ಧ ಭಾಗವೇ ಕುಸಿದರೆ?

ಇಂಥ ಮನೆಗಳಲ್ಲಿ ತಾಯಿ ರಾತ್ರಿ ನಿದ್ರಿಸುವುದಿಲ್ಲ, ತಂದೆ ನೆಂಟರ ಮನೆಯ ಕಾರ್ಯಗಳಿಗೆ ಹೋಗುವುದಿಲ್ಲ, ತಂಗಿಯ ಸಂಬಂಧಗಳು ಮುರಿಯುತ್ತವೆ, ತಮ್ಮನ ಓದಿನ ಹಣ ಔಷಧಕ್ಕೆ ಹೋಗುತ್ತದೆ. ಒಬ್ಬರೇ ಹೊರೆ ಹೊರಬಾರದು. ವಾರಕ್ಕೊಂದು ದಿನವಾದರೂ ಅಣ್ಣತಮ್ಮಂದಿರು, ಸೋದರಮಾವಂದಿರು ಸರದಿ ತೆಗೆದುಕೊಳ್ಳಲಿ. ತಾಯಿಗೆ ಸಿಟ್ಟು ಬಂದರೆ, ‘ಇವನು ಹುಟ್ಟದಿದ್ದರೆ’ ಎಂಬ ಯೋಚನೆ ಒಮ್ಮೆ ಸುಳಿದುಹೋದರೆ, ಅದು ಪಾಪವಲ್ಲ, ದಣಿವು. ಆ ದಣಿವನ್ನೂ ವೈದ್ಯರಲ್ಲಿ ಹೇಳಿಕೊಳ್ಳಬಹುದು. ‘ನಮ್ಮ ನಂತರ ಯಾರು?’ ಎಂಬ ಪ್ರಶ್ನೆಯನ್ನು ಎದೆಯಲ್ಲಿಯೇ ಇಟ್ಟುಕೊಳ್ಳದೆ, ಆಸ್ತಿ, ಪಾಲನೆ, ಉಳಿತಾಯಗಳ ಬಗ್ಗೆ ಬದುಕಿರುವಾಗಲೇ ಕಾಗದಪತ್ರ ಮಾಡಿಡಬೇಕು.

ಸಮಾಜದ ಹೊಣೆ, ಮಠದ ಹೊಣೆ

ವಿಭೂತಿ ಬೇಡುವವರಿಗೆ ವಿಭೂತಿಯನ್ನು ಕೊಡುತ್ತೇವೆ; ಅದರಿಂದ ದೊರೆಯುವ ಧೈರ್ಯ ಸಣ್ಣದಲ್ಲ. ಆದರೆ ಮಾತ್ರೆಯ ಬದಲಿಗೆಂದು ಕೊಡುವುದಿಲ್ಲ. ‘ಗುಳಿಗೆ ಬಿಡು, ದೇವರಿದ್ದಾನೆ’ ಎಂದು ಹೇಳುವವರು ಯಾರೇ ಆಗಲಿ, ಅವರ ಮಾತನ್ನು ಕೇಳಬೇಡಿರಿ. ಪ್ರಾರ್ಥನೆ ಮತ್ತು ಔಷಧ ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಮಹಾಮನೆಯ ಪಂಕ್ತಿಯಲ್ಲಿ ಇಂಥವರು ಬಂದು ಕುಳಿತಾಗ ತಿರುತಿರುಗಿ ನೋಡದೆ, ಎಲ್ಲರಿಗೂ ಬಡಿಸಿದಂತೆ ಬಡಿಸುವುದನ್ನು ನಾವೆಲ್ಲರೂ ಕಲಿಯಬೇಕಾಗಿದೆ.

ಕೊನೆಗೆ ಆ ತಾಯಿಯ ಮಗನ ವಿಷಯ. ಮುಂದಿನ ಅಮಾವಾಸ್ಯೆಗೆ ಅವನು ಬಂದಿದ್ದ. ಪೂಜ್ಯರು ಅವನಿಗೆ ‘ಗುಳಿಗೆ ತಗೋ’ ಎನ್ನಲಿಲ್ಲ. “ನಿದ್ದಿ ಹೆಂಗ ಬರ್ತದಪ್ಪಾ? ಕೆಲಸಕ್ಕ ಹೋಗ್ತೀಯೇನು?” ಎಂದು ಕೇಳಿ ಸುಮ್ಮನೆ ಕುಳಿತರು. ಬಹಳ ಹೊತ್ತಿನ ಮೇಲೆ ಅವನು ಬಾಯಿಬಿಟ್ಟ. ಅವನು ಮೋಟಾರು ವೈಂಡಿಂಗ್ ಕೆಲಸ ಕಲಿತವನು. ಮಾತ್ರೆ ನುಂಗಿದರೆ ಬೆರಳುಗಳು ಬಿಗಿದು ತಂತಿ ಸುತ್ತಲಾಗುತ್ತಿರಲಿಲ್ಲ. “ಕೈ ಹ್ವಾದ್ರ ನಾ ಏನ್ ಉಳಿದೆ ಅಪ್ಪಾರ?” ಎಂದ. ಆರು ತಿಂಗಳಲ್ಲಿ ಆ ಕೈಯ ಸುದ್ದಿಯನ್ನು ಅವನಲ್ಲಿ ಯಾರೂ ಕೇಳಿರಲಿಲ್ಲ. ಮನೆಯವರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಮುಂದಿನ ವಾರ ತಾಯಿ ಮಗ ಇಬ್ಬರೂ ವೈದ್ಯರ ಬಳಿ ಹೋಗಿ ಮೊದಲು ಕೈಯ ವಿಷಯವನ್ನೇ ಹೇಳಿದರು. ವೈದ್ಯರು ಔಷಧ ಬದಲಿಸಿದರು. ಕೆಲವು ತಿಂಗಳ ತರುವಾಯ ತಿಂಗಳಿಗೊಮ್ಮೆಯ ಚುಚ್ಚುಮದ್ದಿಗೆ ಅವನೇ ಒಪ್ಪಿದ. ನಡುವೆ ಒಮ್ಮೆ ತಪ್ಪಿಸಿದ, ಒಮ್ಮೆ ಕಾಯಿಲೆ ಹೆಚ್ಚಾಗಿ ಆಸ್ಪತ್ರೆ ಸೇರಿದ. ಈಗಲೂ ದನಿಗಳು ಪೂರ್ತಿ ನಿಂತಿಲ್ಲವೆಂದು ತಾಯಿ ಹೇಳುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಅಂಗಡಿಗೆ ಹೋಗುತ್ತಾನೆ. ದಾಸೋಹಭವನದ ಕೆಟ್ಟುಹೋದ ಒಂದು ಫ್ಯಾನನ್ನು ಬಿಚ್ಚಿಕೊಂಡು ಹೋಗಿ ತಂತಿ ಸುತ್ತಿ ತಂದು ಹಾಕಿದ್ದಾನೆ.

ತನಗೆ ಕಾಯಿಲೆಯಿದೆಯೆಂದು ಅವನು ಇಂದಿಗೂ ಒಪ್ಪಿಲ್ಲ. ಸೂಜಿ ಏಕೆಂದು ಕೇಳಿದರೆ, “ನಿದ್ದಿಗೆ” ಎನ್ನುತ್ತಾನೆ. ಅವನ ತಾಯಿ ಅದನ್ನು ತಿದ್ದಲು ಹೋಗುವುದಿಲ್ಲ.